ಬುಧವಾರದ ಫಹೀಟಾ

ಭಾನುವಾರದ ಅಡುಗೆಗೂ ವಾರದ ನಡುವಿನ ಅಡುಗೆಗೂ ಇರುವ ವ್ಯತ್ಯಾಸ ಒಲೆಯ ಮುಂದೆ ನಿಲ್ಲುವವರಿಗೆ ಚೆನ್ನಾಗಿ ಗೊತ್ತು. ಭಾನುವಾರ ಮಸಾಲೆ ಹುರಿಯಬಹುದು, ರುಬ್ಬಬಹುದು, ಊರಿಗೆ ಫೋನ್ ಮಾಡಿ ಅಳತೆ ಕೇಳಬಹುದು. ಬುಧವಾರ ಸಂಜೆ ಹ್ಯೂಸ್ಟನ್ನಿನ ಹೆದ್ದಾರಿಯಲ್ಲಿ ಒಂದು ಗಂಟೆ ಕಾರಿನೊಳಗೆ ಕೂತು ಮನೆ ಸೇರಿದವನಿಗೆ ಅಷ್ಟೆಲ್ಲ ವ್ಯವಧಾನ ಎಲ್ಲಿಯದು? ಆ ದಿನ ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಹಾಗಾಗಿ ಒಲೆ ನನ್ನದು. ಮಕ್ಕಳಿಬ್ಬರೂ ಏಳು ಗಂಟೆಗೆಲ್ಲ ಮೇಜಿನ ಮುಂದೆ ಬಂದು ಕೂರುತ್ತಾರೆ. ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಬುಧವಾರವೆಂದರೆ ಫಹೀಟಾ.

ಇಂಗ್ಲಿಷ್ ಅಕ್ಷರಗಳನ್ನು ನಂಬಿ ಓದಿದರೆ ಇದು 'ಫಜಿಟಾ' ಆಗುತ್ತದೆ. ಹೊಸದಾಗಿ ಬಂದ ನಮ್ಮವರೆಲ್ಲ ಒಮ್ಮೆಯಾದರೂ ಹೋಟೆಲಿನಲ್ಲಿ ಹಾಗೆ ಕೇಳಿರುತ್ತಾರೆ. ಸ್ಪ್ಯಾನಿಷ್‌ನಲ್ಲಿ 'ಫಾಹಾ' ಎಂದರೆ ನಡುಪಟ್ಟಿ, ಸೊಂಟಕ್ಕೆ ಕಟ್ಟುವ ಪಟ್ಟಿ. ಫಹೀಟಾ ಎಂದರೆ ಪುಟ್ಟ ನಡುಪಟ್ಟಿ. ದನದ ಪಕ್ಕೆಲುಬಿನ ಕೆಳಗೆ, ಉಸಿರಾಡುವಾಗ ಏರಿಳಿಯುವ ವಪೆಯ ಸ್ನಾಯು ನೋಡಲು ಥೇಟ್ ಬೆಲ್ಟಿನಂತೆಯೇ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಅಂಗಡಿಯಲ್ಲಿ ಅದರ ಹೆಸರು ಸ್ಕರ್ಟ್ ಸ್ಟೇಕ್. ಇಡೀ ದನದಲ್ಲಿ ಈ ಹೊರಗಿನ ಸ್ಕರ್ಟ್ ಸಿಗುವುದು ಎರಡೇ ತುಂಡು.

ಬೆಳಿಗ್ಗೆ ಹೊರಡುವ ಮುಂಚೆ ಹತ್ತು ನಿಮಿಷದ ಕೆಲಸವಿದೆ. ಒಂದೂವರೆ ಪೌಂಡ್ ಮಾಂಸ ನಾಲ್ಕು ಜನಕ್ಕೆ ಸಾಕು. ಅದರ ಮೇಲಿನ ಬಿಳಿ ಪೊರೆಯ ಕೆಳಗೆ ಚಾಕುವಿನ ತುದಿ ತೂರಿಸಿ ಎಳೆದರೆ ಬಿಟ್ಟುಕೊಂಡು ಬರುತ್ತದೆ. ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಹುರಿದು ಕುಟ್ಟಿದ ಜೀರಿಗೆ, ಖಾರದ ಪುಡಿ, ಎರಡು ಚಮಚ ಎಣ್ಣೆ ಸವರಿ ಫ್ರಿಜ್ಜಿನಲ್ಲಿಟ್ಟರೆ ಆಯಿತು. ನಿಂಬೆರಸ ಮಾತ್ರ ಸಂಜೆಗೆ. ಬೆಳಿಗ್ಗೆಯೇ ಹಿಂಡಿಟ್ಟರೆ ಹುಳಿಗೆ ಮಾಂಸದ ಮೇಲ್ಭಾಗ ಹಿಟ್ಟುಹಿಟ್ಟಾಗುತ್ತದೆ. ಬೇಯಿಸುವ ಅರ್ಧ ಗಂಟೆ ಮುಂಚೆ ಹಿಂಡಿದರೆ ಸಾಕು.

ಈ ಸಾಮಾನುಗಳಲ್ಲಿ ನಮ್ಮ ಅಡುಗೆಮನೆಗೆ ಹೊಸದು ಯಾವುದೂ ಇಲ್ಲ. ಮೆಣಸಿನಕಾಯಿ, ಟೊಮೇಟೊ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ನಮ್ಮೂರಿಗೆ ಬಂದವು. ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ, ನಿಂಬೆ, ಗೋಧಿ, ಕಡೆಗೆ ದನ ಕೂಡ ಸ್ಪೇನಿನವರ ಹಡಗು ಹತ್ತಿ ಮೆಕ್ಸಿಕೋ ಸೇರಿದವು. ಟೊಮೇಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿದರೆ ಅವರ ಪೀಕೋ ದೆ ಗಾಯೋ. ನನ್ನ ಮಗ ಅದಕ್ಕೆ ಹೆಸರುಬೇಳೆ ಮರೆತ ಕೋಸಂಬರಿ ಎನ್ನುತ್ತಾನೆ.

ಫಹೀಟಾದ ಹುಟ್ಟು ದಕ್ಷಿಣ ಟೆಕ್ಸಸ್ಸಿನ ದನದ ರ‍್ಯಾಂಚುಗಳಲ್ಲಿ, ರಿಯೋ ಗ್ರಾಂಡೆ ನದಿಯ ಆಸುಪಾಸಿನಲ್ಲಿ. ಅಲ್ಲಿ ದನ ಕಾಯುತ್ತಿದ್ದ ಮೆಕ್ಸಿಕನ್ ಮೂಲದ ಆಳುಗಳಿಗೆ ವಕೇರೋ ಎಂದು ಹೆಸರು. 1930ರ ದಶಕದಲ್ಲಿ ರ‍್ಯಾಂಚಿನಲ್ಲಿ ದನ ಕಡಿದಾಗ ಒಳ್ಳೆಯ ಮಾಂಸ ಧಣಿಗೆ. ತಲೆ, ಚರ್ಮ, ಕರುಳು, ವಪೆಯಂಥ ಬೇಡದ ಭಾಗಗಳು ಆಳುಗಳಿಗೆ ಕೂಲಿಯ ಒಂದು ಪಾಲು. ಆಳುಗಳು ತಲೆಯನ್ನು ಗುಂಡಿಯಲ್ಲಿ ಹೂತು ಬೇಯಿಸಿ ಬಾರ್ಬಕೋವಾ ಮಾಡಿದರು. ಹೊಟ್ಟೆಯ ಭಾಗದಿಂದ ಮೆನೂದೋ ಎಂಬ ಸಾರು ಮಾಡಿದರು. ವಪೆಯ ಪಟ್ಟಿಯನ್ನು ಕೆಂಡದ ಮೇಲೆ ಸುಟ್ಟು ತೆಳ್ಳಗೆ ಕೊಯ್ದು ರೊಟ್ಟಿಯಲ್ಲಿ ಸುತ್ತಿ ತಿಂದರು. ಅದು ನಡುಪಟ್ಟಿಯಂತೆ ಕಂಡದ್ದರಿಂದ ಫಹೀಟಾ ಎಂದರು.

ಆ ಹೆಸರು ರ‍್ಯಾಂಚಿನ ಬೇಲಿ ದಾಟಲು ಕೆಲವು ದಶಕಗಳೇ ಬೇಕಾದವು. 1969ರ ಸೆಪ್ಟೆಂಬರಿನಲ್ಲಿ, ಮೆಕ್ಸಿಕೋದ ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ, ಸನ್ನಿ ಫಾಲ್ಕನ್ ಎಂಬ ಮಾಂಸದಂಗಡಿಯವರು ಆಸ್ಟಿನ್ ಹತ್ತಿರದ ಕೈಲ್ ಎಂಬ ಊರಿನಲ್ಲಿ ಇದನ್ನು ಮಾರಲು ಒಂದು ಮಳಿಗೆ ಹಾಕಿದರು. 1973ರಲ್ಲಿ ನಮ್ಮ ಹ್ಯೂಸ್ಟನ್ನಿನ ನ್ಯಾವಿಗೇಶನ್ ರಸ್ತೆಯಲ್ಲಿ ನಿನ್ಫಾ ಲೊರೆಂಜೊ ಎಂಬಾಕೆ ಹತ್ತು ಮೇಜುಗಳ ಹೋಟೆಲು ತೆರೆದರು. ಗಂಡ ತೀರಿಕೊಂಡಿದ್ದರು, ಐದು ಮಕ್ಕಳಿದ್ದರು, ನಡೆಸುತ್ತಿದ್ದ ಟೋರ್ಟಿಯಾ ಕಾರ್ಖಾನೆ ಕೈಕೊಡುತ್ತಿತ್ತು. ಅವರು ಕೆಂಡದಲ್ಲಿ ಸುಟ್ಟು ಬಡಿಸಿದ್ದು ಇದೇ ಮಾಂಸ. 1982ರ ಹೊತ್ತಿಗೆ ಅದು ಆಸ್ಟಿನ್ನಿನ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ ಕಾದ ಕಬ್ಬಿಣದ ತಟ್ಟೆಯ ಮೇಲೆ ಚುರ್ ಎಂದು ಸದ್ದು ಮಾಡುತ್ತ ಮೇಜಿಗೆ ಬರತೊಡಗಿತು. ಈಗ ಚಿಕನ್ ಫಹೀಟಾ ಇದೆ, ಸೀಗಡಿ ಫಹೀಟಾ ಇದೆ, ಅಣಬೆ ಫಹೀಟಾ ಕೂಡ ಇದೆ. ಅಣಬೆಗೆ ಎಲ್ಲಿಯ ನಡುಪಟ್ಟಿ ಎಂದು ಯಾರೂ ಕೇಳುವುದಿಲ್ಲ. ಆಳುಗಳು ಇಟ್ಟ ಹೆಸರು ಅಷ್ಟು ಗಟ್ಟಿಯಾಗಿ ನಿಂತುಬಿಟ್ಟಿದೆ.

ಸಂಜೆಯ ಕೆಲಸಕ್ಕೆ ಬರೋಣ. ನಿಂಬೆರಸ ಹಿಂಡಿ ಅರ್ಧ ಗಂಟೆ ಬಿಟ್ಟ ಮಾಂಸವನ್ನು ಕಾಗದದಿಂದ ಒತ್ತಿ ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಬಾಣಲೆಯಲ್ಲಿ ಬೇಯುತ್ತದೆಯೇ ಹೊರತು ಕಂದುಬಣ್ಣಕ್ಕೆ ತಿರುಗುವುದಿಲ್ಲ. ಎರಕದ ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವ ತನಕ ಕಾಯಿಸಬೇಕು. ಕಿಟಕಿ ತೆರೆದಿರಬೇಕು. ನಮ್ಮ ಮನೆಯಲ್ಲಿ ಮಗ ಹೊಗೆ ಎಚ್ಚರಿಕೆಯ ಗಂಟೆಯ ಕೆಳಗೆ ಟವೆಲ್ ಬೀಸುತ್ತ ನಿಲ್ಲುತ್ತಾನೆ. ಒಂದೊಂದು ಮಗ್ಗುಲಿಗೆ ಎರಡು ಮೂರು ನಿಮಿಷ, ಅಷ್ಟೇ. ಮಾಂಸವನ್ನು ಎತ್ತಿ ಮಣೆಯ ಮೇಲಿಟ್ಟು, ಅದೇ ಬಾಣಲೆಗೆ ಉದ್ದುದ್ದ ಸೀಳಿದ ಈರುಳ್ಳಿ, ದಪ್ಪ ಮೆಣಸಿನಕಾಯಿ ಹಾಕಿದರೆ ತಳಕ್ಕೆ ಹಿಡಿದ ರಸವನ್ನೆಲ್ಲ ಅವು ಎಬ್ಬಿಸಿಕೊಳ್ಳುತ್ತವೆ. ಅವು ಬಾಡುವ ಐದಾರು ನಿಮಿಷದಲ್ಲಿ ಮಾಂಸ ವಿಶ್ರಾಂತಿ ತೆಗೆದುಕೊಂಡಿರುತ್ತದೆ. ಪಕ್ಕದ ಒಲೆಯಲ್ಲಿ ಚಪಾತಿ ಕಾವಲಿಯ ಮೇಲೆ ಮೈದಾ ಟೋರ್ಟಿಯಾ ಬೆಚ್ಚಗಾಗುತ್ತಿರುತ್ತದೆ.

ಇನ್ನು ಕೊಯ್ಯುವುದು. ಈ ಮಾಂಸ ಬಾಯಲ್ಲಿ ಕರಗುವುದೋ ರಬ್ಬರಾಗುವುದೋ ಇಲ್ಲೇ ತೀರ್ಮಾನ. ಸ್ಕರ್ಟಿನ ಎಳೆಗಳು ದಪ್ಪ, ಪಟ್ಟಿಯ ಅಗಲಕ್ಕೆ ಸಾಲಾಗಿ ಓಡುತ್ತವೆ. ಮೊದಲು ಪಟ್ಟಿಯನ್ನು ಮೂರು ನಾಲ್ಕು ಅಂಗುಲದ ತುಂಡು ಮಾಡಿ, ತುಂಡನ್ನು ಕಾಲು ಸುತ್ತು ತಿರುಗಿಸಿ, ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಬೇಕು. ಎಳೆ ಗಿಡ್ಡವಾದಷ್ಟೂ ಹಲ್ಲಿಗೆ ಕೆಲಸ ಕಡಿಮೆ.

ಇದನ್ನು ನಾನು ಟೆಕ್ಸಸ್ಸಿನವರಿಂದ ಕಲಿಯಲಿಲ್ಲ. ಚಾಮರಾಜನಗರದ ಕಡೆಯ ನಮ್ಮ ಕೇರಿಯಲ್ಲಿ ಅವ್ವ ಈಳಿಗೆಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಳೆ ನೋಡ್ಕೊಂಡು ಅಡ್ಡಕ್ ಕುಯ್ಬೇಕು ಕಣ್ಲಾ" ಎನ್ನುತ್ತಿದ್ದಳು. ಸಾರಿಗೆ ಕುಯ್ಯುವುದು ಅಡ್ಡಕ್ಕೆ. ಒಣಗಿಸಲಿಕ್ಕಾದರೆ ಎಳೆಯ ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ಸವರಿ, ಹಿತ್ತಲಿನ ಹಗ್ಗದ ಮೇಲೆ ಇಳಿಬಿಡುವುದು. ಹಾಗೆ ಒಣಗಿದ್ದೇ ಕೊರಬಾಡು. ಕಾಗೆ ಓಡಿಸುವ ಕೆಲಸ ನನ್ನದಾಗಿತ್ತು. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಅದನ್ನು ಕೆಂಡದಲ್ಲಿ ಸುಟ್ಟು, ಜಜ್ಜಿ, ಹುಣಸೆಹಣ್ಣು ಬಿಟ್ಟು ಸಾರು ಮಾಡಿದರೆ ಒಂದು ಹಿಡಿ ಬಾಡಿನಲ್ಲಿ ಆರು ಜನರ ಮುದ್ದೆ ಇಳಿಯುತ್ತಿತ್ತು.

ಮುತ್ತಾತನ ಕಾಲದಲ್ಲಿ ಊರಿನ ಎತ್ತು ಸತ್ತರೆ ಹೊತ್ತು ಸಾಗಿಸುವ ಕೆಲಸ ನಮ್ಮವರದು. ಅದಕ್ಕೆ ಕೂಲಿಯೆಂದು ಸಿಗುತ್ತಿದ್ದದ್ದು ಆ ಎತ್ತೇ. ಅಂಬೇಡ್ಕರರ ಮಾತು ನಮ್ಮ ಕೇರಿಯನ್ನು ಮುಟ್ಟಿದ ಮೇಲೆ ಸತ್ತ ದನದ ಮಾಂಸವನ್ನು ತಾತನ ಪೀಳಿಗೆಯವರೇ ಬಿಟ್ಟರು. ಅವ್ವನ ಕಾಲಕ್ಕೆ ಸಂತೆಯಿಂದ ದುಡ್ಡು ಕೊಟ್ಟು ತರುವುದಾಯಿತು. ಆದರೂ ಕೇರಿಯೊಳಗೆ ಬಾಡು ಎನ್ನಿಸಿಕೊಂಡದ್ದಕ್ಕೆ ಕೇರಿಯ ಆಚೆ ಹೆಸರಿರಲಿಲ್ಲ. 'ದೊಡ್ಡದು' ಎನ್ನುತ್ತಿದ್ದೆವು, ಇಲ್ಲವೇ ಬರೀ 'ಅದು'. ಇಸ್ಕೂಲಿಗೆ ಹೊರಟಾಗ ಅವ್ವ ನನ್ನ ಕೈ ಮೂಸಿ ನೋಡಿ, ಇನ್ನೊಮ್ಮೆ ಸೀಗೆಪುಡಿಯಲ್ಲಿ ತೊಳೆಸಿ, "ಏನುಂಡೆ ಅಂತ ಕೇಳುದ್ರೆ ಹುರುಳಿ ಸಾರು ಅನ್ನು" ಎಂದು ಕಳಿಸುತ್ತಿದ್ದಳು. ಮುಂದೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಬಾಗಿಲಲ್ಲೇ ಬರುತ್ತಿದ್ದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಊಟದ್ದು.

ವಕೇರೋಗಳ ಕಥೆ ಓದಿದಾಗ ನನಗೆ ಅಚ್ಚರಿಯಾದದ್ದು ಬೇಡದ ಭಾಗ ಆಳುಗಳ ಪಾಲಾದದ್ದರಿಂದಲ್ಲ. ಅದು ನನಗೆ ಗೊತ್ತಿದ್ದ ಕಥೆಯೇ. ಆಳುಗಳು ಅದಕ್ಕಿಟ್ಟ ಹೆಸರೇ ಹಯಾಟ್ ಹೋಟೆಲಿನ ಮೆನು ಹತ್ತಿತಲ್ಲ, ಅದು ಅಚ್ಚರಿ. ಹಾಗಂತ ಎಲ್ಲವೂ ಅವರಿಗೆ ಒಲಿದು ಬರಲಿಲ್ಲ. ಬೇಡಿಕೆ ಏರಿದ ಹಾಗೆ ಬೆಲೆಯೂ ಏರಿತು. ಕೂಲಿಯ ಜೊತೆ ಎತ್ತಿ ಕೊಡುತ್ತಿದ್ದ ಮಾಂಸ ಇವತ್ತು ದುಬಾರಿ ತುಂಡುಗಳ ಸಾಲಿನಲ್ಲಿದೆ. ಒಮ್ಮೆ ವಿಡಿಯೋ ಕರೆಯಲ್ಲಿ ಅವ್ವನಿಗೆ ಮಣೆಯ ಮೇಲಿನ ಪಟ್ಟಿ ತೋರಿಸಿದೆ. "ಪಕ್ಕೆ ಕೆಳಗಿಂದು" ಎಂದು ತಕ್ಷಣ ಗುರುತಿಸಿದಳು. ಪೌಂಡಿಗೆ 15 ಡಾಲರ್ ಎಂದೆ, ರೂಪಾಯಿಯ ಲೆಕ್ಕವನ್ನೂ ಹೇಳಿದೆ. "ಇದುಕ್ಕಾ?" ಎಂದು ನಕ್ಕವಳಿಗೆ ಕೆಮ್ಮು ಹತ್ತಿತು. 2021ರಲ್ಲಿ ಹೊಸ ಗೋಹತ್ಯೆ ನಿಷೇಧ ಕಾಯಿದೆ ಜಾರಿಗೆ ಬಂದ ಮೇಲೆ ಅವಳ ಅಡುಗೆಮನೆಯಲ್ಲಿ ಅದು ಇಲ್ಲ. ಕೋಳಿಯಲ್ಲಿ ರುಚಿ ಇಲ್ಲ ಎನ್ನುವುದು ಅವಳ ದೂರು.

ಇಲ್ಲಿ ಕನ್ನಡದವರ ಪಿಕ್ನಿಕ್ಕುಗಳಲ್ಲಿ ಗ್ರಿಲ್ಲಿನ ಸುತ್ತ ನಿಂತವರ ಮಾತು ಫಹೀಟಾದ ಕಡೆ ತಿರುಗಿದರೆ ಯಾರೂ ದನಿ ತಗ್ಗಿಸುವುದಿಲ್ಲ. ಯಾವ ಹೋಟೆಲಿನದು ಮೆತ್ತಗಿರುತ್ತದೆ, ಸ್ಕರ್ಟ್ ಒಳ್ಳೆಯದೋ ಫ್ಲ್ಯಾಂಕೋ ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಮನೆಯ ಪಾತ್ರೆಗೆ ಮಾತ್ರ ಹಾಕುವುದಿಲ್ಲ ಎನ್ನುವವರೂ ಆ ಚರ್ಚೆಯಲ್ಲಿ ಇರುತ್ತಾರೆ. ಒಮ್ಮೆ ನಾನು, "ನಮ್ಮವ್ವನೂ ದನದ ಬಾಡನ್ನ ಹೀಗೇ ಅಡ್ಡಕ್ಕೆ ಕುಯ್ತಿದ್ದಳು" ಎಂದೆ. ಒಂದು ಕ್ಷಣ ಗ್ರಿಲ್ಲಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಯಾರೋ ಕ್ರಿಕೆಟ್ಟಿನ ಸ್ಕೋರು ಕೇಳಿದರು. ಸ್ಟೇಕ್ ಎನ್ನುವಾಗ ಇಲ್ಲದ ಕೇರಿ ಬಾಡು ಎಂದ ಕೂಡಲೇ ನಮ್ಮ ನಡುವೆ ಬಂದು ನಿಂತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಇಬ್ಬರು ಇವತ್ತಿಗೂ ನನ್ನ ಆಪ್ತ ಗೆಳೆಯರು. ಆದರೆ ಆ ಒಂದು ಕ್ಷಣವನ್ನು ಮಕ್ಕಳಿಗೆ ದಾಟಿಸುವುದು ಬೇಡ ಅಂದುಕೊಂಡೆ.

ಹೋದ ತಿಂಗಳು ಒಂದು ಬುಧವಾರ ಮಗಳು ಊಟದ ಮೇಜಿನ ಮೇಲೆ ಕನ್ನಡ ತರಗತಿಯ ಪುಸ್ತಕ ಹರಡಿಕೊಂಡಿದ್ದಳು. ಭಾನುವಾರದ ತರಗತಿಗೆ 'ನಮ್ಮ ಮನೆಯ ಊಟ' ಎಂದು ಹತ್ತು ವಾಕ್ಯ ಬರೆಯಬೇಕಿತ್ತು. 'ಬುಧವಾರ ಅಪ್ಪ ಫಹೀಟಾ ಮಾಡುತ್ತಾರೆ' ಎಂದು ಮೊದಲ ಸಾಲು ಬರೆದು, "ಅಪ್ಪಾ, ಸ್ಟೇಕ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದಳು.

ಮಾಂಸ ಎಂದು ಹೇಳಬಹುದಿತ್ತು. ಪುಸ್ತಕದ ಕನ್ನಡದಲ್ಲಿ ಅದು ಸರಿಯಾದ ಪದವೇ. ಸ್ಟೇಕ್ ಎಂದೇ ಬರಿ ಎಂದರೂ ನಡೆಯುತ್ತಿತ್ತು, ಕನ್ನಡದಲ್ಲಿ ಬಸ್ಸು ರೈಲು ಇಲ್ಲವೇ? ಚಾಕು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ. ತರಗತಿಯಲ್ಲಿ ಹನ್ನೆರಡು ಮಕ್ಕಳು. ಬರೆದದ್ದನ್ನು ಎಲ್ಲರೆದುರು ಓದಿಸುತ್ತಾರೆ.

"ದನದ ಬಾಡು," ಎಂದೆ. "ಅಜ್ಜಿ ಹಾಗೇ ಅನ್ನೋದು."

"ಬಾಡುಗೆ ಯಾವ ಡು? ದೀರ್ಘನಾ?"

"ಡಮರುಗದ ಡ. ಬಾ ಮಾತ್ರ ದೀರ್ಘ."

ಅವಳು ಬರೆದುಕೊಂಡಳು. ಎಳೆಗೆ ಅಡ್ಡವಾಗಿ ಕೊಯ್ಯಬೇಕು ಎಂಬುದನ್ನು ಅಜ್ಜಿ ಅಪ್ಪನಿಗೆ ಕಲಿಸಿದರು ಎಂದು ಐದನೆಯ ಸಾಲಿಗೆ ಸೇರಿಸಿದಳು. ಅಷ್ಟರಲ್ಲಿ ಮಗ ಎರಡು ಟೋರ್ಟಿಯಾ ಮುಗಿಸಿದ್ದ.

ಭಾನುವಾರ ಮಧ್ಯಾಹ್ನ ಪುಸ್ತಕ ಮನೆಗೆ ಬಂತು. ತರಗತಿ ತೆಗೆದುಕೊಳ್ಳುವವರು ಮೈಸೂರಿನ ಕಡೆಯ ಹಿರಿಯ ಹೆಂಗಸು, ನಾನು ಅವರ ಜೊತೆ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಕೆಂಪು ಶಾಯಿಯಲ್ಲಿ 'ಈರುಳಿ'ಗೆ ಒಂದು ಒತ್ತು ಹಾಕಿದ್ದರು. ಇನ್ನೊಂದು ಕಡೆ 'ಮಾಡುತ್ತಾರೆ'ಯಲ್ಲಿ ಬಿಟ್ಟುಹೋದ ತಾವೊತ್ತು ತುಂಬಿದ್ದರು. ಬಾಡು ಬರೆದಂತೆಯೇ ಇತ್ತು. ಕೆಳಗೆ 'ಚೆನ್ನಾಗಿದೆ, ಸ್ಪಷ್ಟವಾಗಿ ಓದಿದಳು' ಎಂದು ಬರೆದು ರುಜು ಹಾಕಿದ್ದರು. ಓದುವಾಗ ಯಾರಾದರೂ ಏನಾದರೂ ಅಂದರಾ ಎಂದು ಮಗಳನ್ನು ಕೇಳಿದೆ. ಒಬ್ಬ ಹುಡುಗ ತನಗೂ ಫಹೀಟಾ ಬೇಕು ಅಂದನಂತೆ.

ಈಗ ಅವಳಿಗೆ ಕೊರಬಾಡಿನ ಮೇಲೆ ಕಣ್ಣು ಬಿದ್ದಿದೆ. ಹ್ಯೂಸ್ಟನ್ನಿನ ಗಾಳಿಯ ತೇವಕ್ಕೆ ಹಗ್ಗದ ಮೇಲೆ ಒಣಗಿಸುವುದು ಆಗದ ಮಾತು. ಓವನ್ನಿನ ಅತಿ ಸಣ್ಣ ಉರಿಯಲ್ಲಿ ನೋಡಬೇಕು. ಒಂದು ಪೌಂಡಿಗೆ ಉಪ್ಪು ಎಷ್ಟು ಎಂದು ಅವ್ವನನ್ನು ಕೇಳಲು ಭಾನುವಾರದ ಕರೆಗೆ ಕಾಯುತ್ತಿದ್ದೇವೆ. ಅವಳು ಅಳತೆ ಹೇಳುವವಳಲ್ಲ, ಕೈ ತೋರಿಸುತ್ತಾಳೆ. ಮಗಳು ಆಗಲೇ ಪೆನ್ನು ಹಿಡಿದು ಕೂತಿದ್ದಾಳೆ.