ಪರದೇಶದ ಮೊದಲ ಇರುಳು

ನಮ್ಮ ಏಕಸಂಬಿಯವರಿಗೆ ಗಡಿ ದಾಟುವುದು ದೊಡ್ಡ ಸಂಗತಿಯೇನಲ್ಲ. ದೂಧಗಂಗೆಯ ಸೇತುವೆ ದಾಟಿದರೆ ದಾನವಾಡ, ಅದು ಮಹಾರಾಷ್ಟ್ರ. ಸಂತೆಗೆಂದೋ ಬೀಗರ ಮನೆಗೆಂದೋ ಬೆಳಿಗ್ಗೆ ಹೋಗಿ ಸಂಜೆ ಮರಳುವವರು ನಾವು. ಪಾಸ್‌ಪೋರ್ಟ್ ತೋರಿಸಿ ದಾಟುವ ಗಡಿಯನ್ನು ಮಾತ್ರ ನಾನು ಕಂಡದ್ದು ನಿವೃತ್ತಿಯ ನಂತರ, 2023ರ ಮೇ ತಿಂಗಳಲ್ಲಿ. ಬಾಲಿಯ ಪ್ರವಾಸದ ಬಗ್ಗೆ ಬರೆಯಿರೆಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಲೇ ಇದ್ದಾರೆ. ಕಡಲು, ಗುಡಿಗಳ ವರ್ಣನೆ ಎಲ್ಲೆಡೆ ಸಿಗುತ್ತದೆ; ಮೊದಲ ಇರುಳಿನದಷ್ಟನ್ನು ಹೇಳುತ್ತೇನೆ.

ನಾವು ಊರು ನೋಡಲೆಂದು ಹೋದವರಲ್ಲ. ಮಗಳು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿದ್ದಾಳೆ. ಮೊಮ್ಮಗಳು ಹುಟ್ಟಿದ್ದು 2019ರ ಕೊನೆಯಲ್ಲಿ. ಬಾಣಂತನಕ್ಕೆ ಬೀಗಿತ್ತಿ ಹೋಗಿದ್ದರು. ಬೇಸಿಗೆಯಲ್ಲಿ ನಮ್ಮ ಸರದಿ ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಕೊರೋನಾ ಬಂದಿತು. ಪಶ್ಚಿಮ ಆಸ್ಟ್ರೇಲಿಯಾ ತನ್ನ ಬಾಗಿಲನ್ನು ಪೂರ್ತಿ ತೆರೆದದ್ದು 2022ರ ಮಾರ್ಚ್ 3ರಂದು. ಆಮೇಲೆ ರಜೆ, ಕೆಲಸ, ಟಿಕೆಟ್ಟಿನ ದರ ಎಂದು ಒಂದಿಲ್ಲೊಂದು ಕಾರಣ. ಕೊನೆಗೆ ಮಗಳೇ ಹೇಳಿದಳು: "ಅಪ್ಪಾ, ನನಗೆ ಬಾಲಿ ನಾಲ್ಕು ತಾಸಿನೊಳಗಿನ ದಾರಿ. ನೀವು ಅಲ್ಲಿಗೇ ಬರ್ರಿ." ಮೂರೂವರೆ ವರ್ಷದ ಆ ಕೂಸನ್ನು ನಾವು ಮೊಬೈಲಿನ ಪರದೆಯ ಹೊರಗೆ ಕಂಡೇ ಇರಲಿಲ್ಲ. ಅವರು ಬರುವುದು ಮರುದಿನ ಮುಂಜಾನೆ. ಹೀಗಾಗಿ ಮೊದಲ ಇರುಳು ನಾವಿಬ್ಬರೇ.

ಸಿಂಗಪುರದಲ್ಲಿ ವಿಮಾನ ಬದಲಿಸಿ ಇಳಿದಾಗ ರಾತ್ರಿಯಾಗಿತ್ತು. ವೀಸಾ ಶುಲ್ಕ ಒಬ್ಬರಿಗೆ 5,00,000 ಎಂದೊಡನೆ ನಮ್ಮ ಮನೆಯವರು ಸೆರಗಿನಿಂದ ಬೆವರು ಒರೆಸಿಕೊಂಡರು. ಅದು ಅಲ್ಲಿಯ ರುಪಿಯಾ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದೊಳಗೆ ಎಂದು ಸಮಾಧಾನಪಡಿಸಬೇಕಾಯಿತು. ಹೊರಗೆ ಬಂದರೆ ಮಳೆ ನಿಂತ ಮೇಲಿನ ಕಬ್ಬಿನ ಗದ್ದೆಯಲ್ಲಿರುವಂಥ ಸೆಕೆ, ಜೊತೆಗೆ ದೇವಕಣಗಿಲೆಯ ಪರಿಮಳ.

ಕಾರು ಸ್ವಲ್ಪ ದೂರ ಹೋಗುವಷ್ಟರಲ್ಲಿ ದೀಪಗಳ ನಡುವೆ ಒಂದು ಬೃಹತ್ ಶಿಲ್ಪ ಕಂಡಿತು. ಕುದುರೆ ಕಟ್ಟಿದ ರಥ, ಅದರ ಮೇಲೆರಗುತ್ತಿರುವ ವೀರ. "ಘಟೋತ್ಕಚ, ಕರ್ಣ" ಎಂದ ಚಾಲಕ. ಹತ್ತನೆಯ ತರಗತಿಗೆ ವರ್ಷವರ್ಷವೂ ಹೇಳಿದ ಕಥೆ! ಅರ್ಜುನನಿಗೆಂದು ಕಾಯ್ದಿಟ್ಟ ಶಕ್ತ್ಯಾಯುಧ ಇವನ ಮೇಲೆ ಖರ್ಚಾಯಿತಲ್ಲ ಎಂದು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆದೂಗಿದ. ಅದುವರೆಗೆ ತುಟಿ ಬಿಚ್ಚದಿದ್ದ ಇವರು ಹಿಂದಿನಿಂದ "ಕುಂತಿ?" ಎಂದರು. "ಕುಂತಿ, ಕುಂತಿ" ಎಂದು ಅವನೂ ನಕ್ಕ. ಅವರಿಬ್ಬರ ನಡುವೆ ಬೇರೆ ಭಾಷೆ ಇರಲಿಲ್ಲ.

ಮಾತು ಯುಗಾದಿಯ ಕಡೆ ಹೊರಳಿತು. ಅವರ ಹೊಸ ವರ್ಷದ ದಿನ ನ್ಯೆಪಿ. ಅಂದು ದೀಪ ಹಚ್ಚುವಂತಿಲ್ಲ, ಬೀದಿಗಿಳಿಯುವಂತಿಲ್ಲ. ವಿಮಾನ ನಿಲ್ದಾಣವೂ ಇಡೀ ದಿನ ಮುಚ್ಚಿರುತ್ತದೆ. ಆ ವರ್ಷ ನ್ಯೆಪಿ ಬಿದ್ದದ್ದು ಮಾರ್ಚ್ 22ರಂದು, ನಮ್ಮ ಯುಗಾದಿಯ ದಿನವೇ. ಅವರ ಶಕ ವರ್ಷ 1945, ನಮ್ಮ ಶಾಲಿವಾಹನ ಶಕವೂ 1945! "ಹಾಗಾದರೆ ಇದು ನಮ್ಮದೇ ಸಂಸ್ಕೃತಿ" ಎನ್ನುವುದು ನಮ್ಮವರ ರೂಢಿ. ನನಗೇಕೋ ಆ ಮಾತು ಅಲ್ಲಿ ಹಿತವೆನಿಸಲಿಲ್ಲ. ನಾವು ಬೇವು-ಬೆಲ್ಲ ತಿಂದು ಗದ್ದಲ ಮಾಡುವ ದಿನ ಇಡೀ ದ್ವೀಪವೇ ಮೌನವಾಗಿರುತ್ತದೆ ಎಂದರೆ, ಅದು ಅವರದೇ ಆದ ಸಂಪಾದನೆ.

ಸಾನೂರಿನ ವಸತಿಗೃಹದ ಹೊಸ್ತಿಲಲ್ಲಿ ಗರಿಯಿಂದ ಹೆಣೆದ ಪುಟ್ಟ ತಟ್ಟೆಯಿತ್ತು. ಅದರಲ್ಲಿ ಹೂವು, ನಾಲ್ಕು ಅಗುಳು, ಆರಿದ ಊದುಬತ್ತಿ. ಇವರು ಅದನ್ನು ತುಳಿಯದೆ ಬಳಸಿ ಒಳಗೆ ಬಂದರು. ಊಟದ ಪಟ್ಟಿ ನೋಡುವ ಪ್ರಶ್ನೆಯೇ ಬರಲಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. ಗೋಕಾಕದ ಕರದಂಟಿನ ಡಬ್ಬಿಯನ್ನು ಮಾತ್ರ ನಾನು ಮುಟ್ಟುವಂತಿರಲಿಲ್ಲ. ಅದು ಕೂಸಿನದು.

ಆಮೇಲೆ ತಮ್ಮ ಕೈಗಡಿಯಾರವನ್ನು ನನ್ನ ಕೈಗಿತ್ತು ಎರಡೂವರೆ ತಾಸು ಮುಂದೆ ಮಾಡಲು ಹೇಳಿದರು. ಬಾಲಿಗೂ ಪರ್ತಿಗೂ ಒಂದೇ ಸಮಯ. ಅಷ್ಟು ವರ್ಷ ನಾವು ಫೋನು ಹಿಡಿಯುವ ಮುನ್ನ ಬೆರಳೆಣಿಸುತ್ತಿದ್ದೆವು: ಈಗ ಅಲ್ಲಿ ಎಷ್ಟು? ಕೂಸು ಮಲಗಿತೇ? ಆ ರಾತ್ರಿ ಎಣಿಸುವುದಿರಲಿಲ್ಲ.

ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದರು: "ಅಲ್ರೀ, ಕೂಸಿಗಿ ನನ್ನ ಗುರ್ತ ಹತ್ತತೈತೋ ಇಲ್ಲೋ?"

ನಾನು ಉತ್ತರಿಸುವ ಮೊದಲೇ ಹೊರಗೆ ದೊಡ್ಡ ಹಲ್ಲಿಯೊಂದು ಗಟ್ಟಿಯಾಗಿ 'ಟೊಕ್ಕೇ' ಎಂದಿತು. ಅಲ್ಲಿ ಅದರ ಹೆಸರೇ 'ತೋಕೆ'. ಇವರು ನೆಲ ಮುಟ್ಟಿ "ಕೃಷ್ಣ ಕೃಷ್ಣ" ಎಂದರು. ಹಲ್ಲಿ ಲೊಚಗುಟ್ಟಿದ್ದು 'ಹತ್ತತೈತಿ' ಎಂಬುದಕ್ಕೋ 'ಇಲ್ಲ' ಎಂಬುದಕ್ಕೋ ಎಂದು ನಾನು ಕೇಳಲಿಲ್ಲ.

ನಸುಕಿನಲ್ಲಿ ಎಚ್ಚರವಾದಾಗ ಅವರು ತಲೆ ಬಾಚಿ, ಫೋನಿನಲ್ಲಿ ಕೂಸು ನೋಡಿ ನಗುತ್ತಿದ್ದ ಅದೇ ಹಸಿರು ಇಳಕಲ್ ಸೀರೆ ಉಟ್ಟು ಕುಳಿತಿದ್ದರು. ವಿಮಾನ ಬರಲು ಇನ್ನೂ ಐದು ತಾಸಿತ್ತು.