ಸೀರೆಗೆ ಜೇಬಿಲ್ಲವಲ್ಲ!

ನಮ್ಮನೇಲಿ ಈಗ ಎಲ್ಲರೂ ಹೆಜ್ಜೆ ಲೆಕ್ಕ ಹಾಕೋರೇ ಕಣ್ರೀ. ಮಗ ಆಫೀಸಿಂದ ಬಂದು ಮೊಬೈಲ್ ತೋರಿಸ್ತಾನೆ, ಆರು ಸಾವಿರ. ಬೆಳಿಗ್ಗೆ ಎದ್ದು ನೀರು ಹಿಡಿದು, ರಂಗೋಲಿ ಬಿಟ್ಟು, ಮಹಡಿ ಮೇಲೆ ಬಟ್ಟೆ ಹರವಿ ಬಂದ ನಂದು ಒಂಬೈನೂರು! ಮೊಬೈಲು ಮೈಮೇಲಿದ್ದು ಅಲುಗಾಡಿದ್ರೆ ತಾನೇ ಎಣಿಸೋದು? ಗಂಡಸರ ಪ್ಯಾಂಟಿಗೆ ಜೇಬಿದೆ, ನಮ್ಮ ಸೀರೆಗೆಲ್ಲಿದೆ? ಗುಬ್ಬಿಗೆ ಹೋದಾಗ ಅಮ್ಮನ ಹಳೇ ಎಲೆಅಡಿಕೆ ಸಂಚಿ ತಂದು, ಅದರೊಳಗೆ ಮೊಬೈಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲೆಕ್ಕ ಐದು ಸಾವಿರ ದಾಟ್ತು.

ಅಂದಹಾಗೆ ಈ ಹತ್ತು ಸಾವಿರ ಹೆಜ್ಜೆ ಅನ್ನೋದು ಡಾಕ್ಟರು ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನೋರು ಮಾರಿದ ಹೆಜ್ಜೆ ಎಣಿಸೋ ಯಂತ್ರದ ಹೆಸರು ಅದು.

ನನಗೆ ಚಿಂತೆ ಕುಣಿಗಲ್ ತಂಗೀದು. ಶುಗರ್ ಇದೆ. ಬೆಳಿಗ್ಗೆ ತಪ್ಪದೆ ವಾಕಿಂಗ್ ಹೋಗ್ತಾಳೆ, ಸಂಜೆ ಆರರಿಂದ ಹತ್ತರವರೆಗೆ ಸೀರಿಯಲ್ ಮುಂದೆ ಕದಲಲ್ಲ. ಹೆಜ್ಜೆ ಲೆಕ್ಕದಲ್ಲಿ ಆ ನಾಲ್ಕು ಗಂಟೆ ಕಾಣೋದೇ ಇಲ್ಲ! ಕೂತೇ ಇರೋದನ್ನ ಕಡಿಮೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ಆಗಾಗ ಎದ್ದು ಎರಡು ನಿಮಿಷ ಓಡಾಡಿದ್ರೂ ಕಾಲಿನ ಸ್ನಾಯು ರಕ್ತದಲ್ಲಿರೋ ಸಕ್ಕರೇನ ಎಳ್ಕೊಳ್ಳುತ್ತೆ. ಅದಕ್ಕೇ ಅವಳ ಮೊಬೈಲಲ್ಲಿ ಸಂಜೆ ಅರ್ಧರ್ಧ ಗಂಟೆಗೊಂದು ಅಲಾರಂ ಇಟ್ಟು ಬಂದೆ. ಹೊಡ್ಕೊಂಡಾಗೆಲ್ಲ ತುಳಸಿಕಟ್ಟೆವರೆಗೆ ಹೋಗಿ ಬಾರೇ ಅಂದಿದ್ದೀನಿ.

ಈಗ ಫೋನ್ ಮಾಡಿ ಬೈತಾಳೆ, "ಅಕ್ಕಾ, ಸೀರಿಯಲ್ಲಿನ ಅತ್ತೆ ಗುಟ್ಟು ಬಿಡೋ ಹೊತ್ತಿಗೇ ನಿನ್ನ ಅಲಾರಂ ಹೊಡ್ಕೊಳ್ಳುತ್ತೆ!" ಬೈಕೊಂಡೇ ಎದ್ದು ಹೋಗ್ತಾಳಂತೆ, ಅವಳ ಯಜಮಾನ್ರು ಹೇಳಿದ್ರು.