ಜಿಗಿತ ಕೂಡಿಬರದ ಆಟ

ದೊಡ್ಡಪ್ಪನ ಮನೆಗೆ ಟಿ.ವಿ. ಗೇಮ್ ಬಂದದ್ದು ಯಾವ ಮಳೆಗಾಲವೋ, ಶಿರಸಿ ಪೇಟೆಯಿಂದ ತಂದದ್ದೋ ಹುಬ್ಬಳ್ಳಿಯಿಂದಲೋ, ಈಗ ಎಲ್ಲ ಮಸುಕು. ಹಳದಿ ಕ್ಯಾಸೆಟ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣ ಅದರ ಬಾಯಿಗೆ ಉಫ್ ಎಂದು ಊದಿ, ಲುಂಗಿಯ ತುದಿಯಲ್ಲಿ ಒರೆಸಿ ಸಿಕ್ಕಿಸುವವನು. ಬೇರೆಯವರು ಊದುವ ಹಾಗೇ ಇರಲಿಲ್ಲ. ಎಣ್ಣೆಗೈ ಬಟನ್ನಿಗೆ ತಾಗಬಾರದೆಂದು ದೊಡ್ಡಮ್ಮನ ಹತ್ತಿರ ಹಲಸಿನ ಹಪ್ಪಳವನ್ನೂ ಕೆಂಡದಲ್ಲಿ ಸುಟ್ಟೇ ಕೊಡಲು ಹೇಳುತ್ತಿದ್ದ. ಸುಟ್ಟ ಹಪ್ಪಳ, ಕಾಯಿಚೂರು, ಹೊರಗೆ ಹಂಚಿನ ಮೇಲೆ ಮಳೆ. ಕರೆಂಟ್ ಇದ್ದಷ್ಟು ಹೊತ್ತು ಆಟ.

ಆಡುತ್ತಿದ್ದದ್ದು ಕಾಂಟ್ರಾ. ಕೋನಾಮಿಯವರು 1987ರಲ್ಲಿ ಆರ್ಕೇಡಿಗೆ ಮಾಡಿ ಮರುವರ್ಷ ಮನೆಯ ಟಿ.ವಿ.ಗೆ ತಂದ ಆಟ. ಇದ್ದದ್ದು 3 ಜೀವ, ಗುಂಡು ತಾಗಿದರೆ ಒಂದು ಹೋಯಿತು. ಜಲಪಾತದ ಹಂತದಲ್ಲಿ ಇಬ್ಬರೂ ಸಮಸಮ ಹತ್ತಬೇಕು. ಒಬ್ಬ ಅವಸರ ಮಾಡಿದರೆ ಪರದೆ ಮೇಲೆ ಸರಿದು ಕೆಳಗಿದ್ದವ ಸಾಯುತ್ತಾನೆ. “ತಡ್ಯೋ ತಮಾ, ಆನು ಬತ್ತಾ ಇದ್ದಿ” ಎಂದು ಅಣ್ಣ ಕೂಗುವುದು ಅಡುಗೆಮನೆಗೂ ಕೇಳುತ್ತಿತ್ತು. ಕಷ್ಟದ ಆಟ, ಆದರೆ ಮೋಸದ್ದಲ್ಲ. ಬರುವ ಗುಂಡು ಕಾಣುತ್ತಿತ್ತು. ಗಾಳಿಯಲ್ಲಿದ್ದಾಗಲೂ ಹಿಂದೆ ಮುಂದೆ ಸರಿಯಬಹುದಿತ್ತು. ಸತ್ತರೆ ಯಾಕೆ ಸತ್ತೆವೆಂದು ಗೊತ್ತಾಗುತ್ತಿತ್ತು.

ಮೊನ್ನೆ ಮಳೆಗಾಲದಲ್ಲಿ ಅಣ್ಣನ ಮಗ ಅದೇ ಧಾಟಿಯ ಹೊಸ ಆಟವೊಂದನ್ನು ತಂದ. ಹೆಸರು ಬೇಡ. ದಪ್ಪ ದಪ್ಪ ಚೌಕದ ಚಿತ್ರ, ಕಿಣಿಕಿಣಿ ಸಂಗೀತ, ಹಳೆಯ ಟಿ.ವಿ.ಯ ಅಡ್ಡಗೆರೆಗಳೂ ಇದ್ದವು. ನೋಡಿದ ಕೂಡಲೇ ಅಣ್ಣನ ಮುಖ ಅರಳಿತು. ಆಡತೊಡಗಿದ ಮೇಲೆ ಮಾತು ನಿಂತಿತು. ಬಟನ್ ಒತ್ತಿದ ಕ್ಷಣಕ್ಕೆ ನಾಯಕ ಜಿಗಿಯುವುದಿಲ್ಲ, ಒಂದು ಎಳೆ ತಡ. ಟಿ.ವಿ.ಯದೇ ದೋಷವಿರಬಹುದೆಂದು ಹುಡುಗ ಗೇಮ್ ಮೋಡ್ ಹಾಕಿ ನೋಡಿದ, ಅದೇ ತಡ. ಇಳಿಯುವ ಜಾಗ ಕಾಣುವ ಮೊದಲೇ ಹಾರಬೇಕು, ಅಲ್ಲಿ ಮುಳ್ಳು. ಎಲ್ಲಕ್ಕಿಂತ ಬೇಸರ ತಂದದ್ದೆಂದರೆ, ಆಡುವುದು ಒಬ್ಬರೇ. ಎರಡನೆಯ ಕಂಟ್ರೋಲರ್ ಅಣ್ಣನ ತೊಡೆಯ ಮೇಲೆ ಸುಮ್ಮನೆ ಇತ್ತು.

ಸ್ವಲ್ಪ ಹೊತ್ತಿಗೆ ಅವನು ಎದ್ದು ಹೋದ. ಆಮೇಲೆ ಆ ಆಟ ಹಾಕೆಂದು ಯಾರೂ ಕೇಳಲಿಲ್ಲ.

ಹಳೆಯ ಆಟದ ನೆನಪಿನಲ್ಲಿ ಹೊಸದು ಕಟ್ಟುವವರಿಗೆ ನನ್ನದು ಇಷ್ಟೇ ಕೇಳಿಕೆ: ಬಣ್ಣ, ಗೆರೆ ಆಮೇಲೆ ಬರಲಿ. ಮೊದಲು ಜಿಗಿತ ಸರಿಮಾಡಿ, ಪಕ್ಕದಲ್ಲಿ ಕೂತವರಿಗೂ ಆಡಲು ಜಾಗ ಇಡಿ.